ಬೇಗಂಪೇಟೆಯ ಕಾಲಮಾಪನವೂ ದಖನ್ನಿನ ಬಿಸಿಲೂ

ಹೈದರಾಬಾದಿನ ಬೇಗಂಪೇಟೆಯಲ್ಲಿ ನಿಜಾಮಿಯಾ ವೀಕ್ಷಣಾಲಯದ ಹಳೆಯ ಕಟ್ಟಡಗಳಿವೆ. ಆ ದಾರಿಯಲ್ಲಿ ಓಡಾಡುವ ನಾವು ಅವುಗಳತ್ತ ಕಣ್ಣೆತ್ತಿ ನೋಡುವುದು ಅಪರೂಪ. ಕಲಬುರಗಿ, ರಾಯಚೂರು, ಬೀದರ್‌ಗಳು 1956ರ ವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ಈ ಚರಿತ್ರೆಯಲ್ಲಿ ಕನ್ನಡಿಗರಿಗೂ ಪಾಲಿದೆ.

1901ರಲ್ಲಿ ನವಾಬ್ ಜಫರ್ ಜಂಗ್ ಸ್ಥಾಪಿಸಿದ ಈ ಸಂಸ್ಥೆ, ಅವರ ನಿಧನಾನಂತರ 1908ರಲ್ಲಿ ನಿಜಾಮ ಸರ್ಕಾರದ ವಶಕ್ಕೆ ಬಂದು, 1919ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಸೇರಿತು. ಹಲವು ದೇಶಗಳು ಆಕಾಶವನ್ನು ಹಂಚಿಕೊಂಡು, ಛಾಯಾಚಿತ್ರಗಳ ಮೂಲಕ ನಕ್ಷತ್ರಗಳ ಸ್ಥಾನವನ್ನು ದಾಖಲಿಸಿದ ಮಹಾಕಾರ್ಯದಲ್ಲಿ ದಕ್ಷಿಣದ 17ರಿಂದ 23 ಡಿಗ್ರಿಗಳ ವಲಯ ಇದರ ಪಾಲಿಗೆ ಬಂದಿತು. 1918ರಿಂದ 1944ರ ವರೆಗೆ ಟಿ. ಪಿ. ಭಾಸ್ಕರನ್ ಇದರ ನಿರ್ದೇಶಕರಾಗಿದ್ದರು.

ಇಂಥ ಕೆಲಸಕ್ಕೆ ದೂರದರ್ಶಕದಷ್ಟೇ ಗಡಿಯಾರವೂ ಮುಖ್ಯ. ಆಕಾಶದ ಮಧ್ಯರೇಖೆಯ ಬಳಿಯ ನಕ್ಷತ್ರ ಒಂದು ಸೆಕೆಂಡಿನಲ್ಲಿ 15 ಆರ್ಕ್‌ಸೆಕೆಂಡು ಸರಿಯುತ್ತದೆ. ಉಕ್ಕಿನ ಲೋಲಕವಾದರೋ ಶಾಖಕ್ಕೆ ಹಿಗ್ಗುತ್ತದೆ. ಒಂದು ಡಿಗ್ರಿ ಏರಿದರೆ ದಿನಕ್ಕೆ ಸುಮಾರು ಅರ್ಧ ಸೆಕೆಂಡು ಹಿಂದೆ ಬೀಳುತ್ತದೆ. ಚಳಿಗಾಲಕ್ಕೂ ಮೇ ತಿಂಗಳಿಗೂ 20 ಡಿಗ್ರಿಗಳ ಅಂತರವಿದ್ದರೆ ದಿನಕ್ಕೆ 10 ಸೆಕೆಂಡು! 1896ರಲ್ಲಿ ಗಿಯೋಮ್ ಕಂಡುಹಿಡಿದ, ಬಹಳ ಕಡಿಮೆ ಹಿಗ್ಗುವ ಇನ್ವಾರ್ ಮಿಶ್ರಲೋಹ ಈ ಕಷ್ಟವನ್ನು ಬಹುಮಟ್ಟಿಗೆ ನೀಗಿಸಿತು. ಅದಕ್ಕಾಗಿ ಅವರಿಗೆ 1920ರ ನೊಬೆಲ್ ಪ್ರಶಸ್ತಿ ದೊರೆಯಿತು.

1927ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮ್ಯಾರಿಸನ್ ಕ್ವಾರ್ಟ್ಸ್ ಗಡಿಯಾರವನ್ನು ರೂಪಿಸಿದ ಮೇಲೆ ಲೋಲಕದ ಸ್ಥಾನ ಹರಳಿಗೆ ಬಂದಿತು. ಶತ್ರು ಮಾತ್ರ ಬದಲಾಗಲಿಲ್ಲ. ನಿಖರ ಆಂದೋಲಕಗಳಲ್ಲಿ ಹರಳನ್ನು ಲೋಹದ ಗಟ್ಟಿಯೊಳಗಿರಿಸಿ, ಶಾಖನಿರೋಧಕ ಹೊದಿಸಿ, ಪುಟ್ಟ ಒಲೆಯಿಂದ ಒಂದೇ ಉಷ್ಣತೆಯಲ್ಲಿ ಕಾಯುತ್ತಾರೆ. ಒಲೆ ಕಾಯಿಸಬಲ್ಲದು, ತಣಿಸಲಾರದು. ಆದ್ದರಿಂದ ಅದರ ಉಷ್ಣತೆ ಸುತ್ತಲಿನ ಅತಿ ಬಿಸಿಲಿಗಿಂತಲೂ ಮೇಲಿರಬೇಕು. 42 ಡಿಗ್ರಿ ಮುಟ್ಟುವ ಊರಿನಲ್ಲಿ 40ಕ್ಕೆ ನಿಲ್ಲಿಸಿದ ಒಲೆ ವ್ಯರ್ಥ. 75 ಅಥವಾ 80 ಆದರೆ ಸರಿ. ಬೇಕಾದದ್ದು ತಂಪಲ್ಲ, ಸ್ಥಿರತೆ. ಶಾಖ ಉಗುಳುವ ಟ್ರಾನ್ಸಿಸ್ಟರುಗಳಿಗೆ ಪ್ರತ್ಯೇಕ ಲೋಹದ ರೆಕ್ಕೆಗಳನ್ನು ಜೋಡಿಸಿ ಹರಳಿನಿಂದ ದೂರವಿಡುವುದೂ ಇದಕ್ಕಾಗಿಯೇ.

ನಗರದ ದೀಪಗಳು ಹೆಚ್ಚಿದಂತೆ ವೀಕ್ಷಣೆ ರಂಗಾಪುರಕ್ಕೆ ಸರಿಯಿತು. 1968ರಲ್ಲಿ ಅಲ್ಲಿ 48 ಅಂಗುಲದ ದೂರದರ್ಶಕ ಕಾರ್ಯಾರಂಭಿಸಿತು. ಬೇಗಂಪೇಟೆಯ ಕಟ್ಟಡಗಳು ಶಿಥಿಲವಾಗುತ್ತಿವೆ. ನಕ್ಷತ್ರಗಳ ದಾಖಲೆ ಪುಸ್ತಕಗಳಲ್ಲಿ ಉಳಿದಿದೆ. ಅದಕ್ಕಾಗಿ ರಾತ್ರಿಗಳನ್ನು ಕಳೆದವರ ನೆಲೆಯನ್ನು ಉಳಿಸುವ ಹೊಣೆ ಈ ನಗರದ ಅನ್ನ ಉಣ್ಣುತ್ತಿರುವ ನಮ್ಮದೂ ಹೌದು.