ಬಿಲ್ಲೆಯ ಬೀಗ ತೆಗೆದ ಹುಡುಗ

ನಿಮ್ಮ ಮನೆಯ ಕಪಾಟಿನಲ್ಲಿ ಹಳೆಯ ಸಿನಿಮಾ ಡಿವಿಡಿಗಳು ಇರಬಹುದು. ಒಂದನ್ನು ಗಣಕಕ್ಕೆ ಹಾಕಿ, ಒಳಗಿನ ಕಡತಗಳನ್ನು ಹಾಗೆಯೇ ನಕಲು ಮಾಡಿ ನೋಡಿ. ನಕಲು ತೆರೆಯದೆ ಹೋಗಬಹುದು, ಇಲ್ಲವೇ ಬಣ್ಣದ ಚೌಕಗಳ ರಾಶಿಯಾಗಿ ಕಾಣಬಹುದು. ಬಿಲ್ಲೆ ಕೆಟ್ಟಿಲ್ಲ, ಅದಕ್ಕೊಂದು ಬೀಗವಿದೆ. ಆ ಬೀಗ ತೆಗೆದುದಕ್ಕಾಗಿ ಹೆಚ್ಚುಕಡಿಮೆ ನಿಮ್ಮ ವಯಸ್ಸಿನ ಹುಡುಗನೊಬ್ಬ ಮುಂದೆ ಕಟಕಟೆ ಹತ್ತಬೇಕಾಯಿತು.

ಡಿವಿಡಿ ಮೊದಲು ಮಾರುಕಟ್ಟೆಗೆ ಬಂದದ್ದು 1996ರ ನವೆಂಬರಿನಲ್ಲಿ, ಜಪಾನಿನಲ್ಲಿ. ಒಂದು ಪದರದಲ್ಲಿ 4.7 ಗಿಗಾಬೈಟ್, ಅಂದರೆ ಸಿ.ಡಿ.ಯ ಸುಮಾರು ಏಳು ಪಟ್ಟು ಮಾಹಿತಿ. ಟೇಪಿನ ನಕಲು, ಅದರ ನಕಲು ಎಂದು ಹೋದಂತೆ ಚಿತ್ರ ಮಸುಕಾಗುತ್ತದೆ. ಅಂಕಿಗಳ ನಕಲು ಎಷ್ಟನೆಯದಾದರೂ ಮೂಲದಂತೆಯೇ ಇರುತ್ತದೆ. ಸ್ಟುಡಿಯೋಗಳು ಹೆದರಿದ್ದು ಇದಕ್ಕೇ. ಕಾರ್ಯಕ್ರಮ ತಯಾರಿಸಿ ಹೊಟ್ಟೆ ಹೊರೆಯುವ ನನಗೆ ಆ ಭಯ ಅರ್ಥವಾಗುತ್ತದೆ. ಅದರ ಫಲವೇ ಸಿ.ಎಸ್.ಎಸ್. ಎಂಬ ಗೂಢಲಿಪಿ.

ಅದರ ಕೀಲಿಯ ಉದ್ದ 40 ಬಿಟ್. ಎರಡನ್ನು ನಲವತ್ತು ಸಲ ಗುಣಿಸಿದರೆ ಸುಮಾರು 1.1 ಲಕ್ಷ ಕೋಟಿ ಕೀಲಿಗಳು. ದೊಡ್ಡ ಸಂಖ್ಯೆಯೇ ಹೌದು, ಗಣಕಕ್ಕೆ ಅಲ್ಲ. ಇನ್ನೂ ದೊಡ್ಡ ದೋಷ ಬೇರೆಡೆ ಇತ್ತು. ಚಿತ್ರ ಕಾಣಬೇಕಾದರೆ ಪ್ಲೇಯರಿನೊಳಗೇ ಕೀಲಿ ಇರಬೇಕಲ್ಲವೇ? ಮನೆಗೆ ಬೀಗ ಹಾಕಿ ಕೀಲಿಯನ್ನು ಚಾಪೆಯಡಿ ಇಟ್ಟ ಹಾಗೆ. ಝಿಂಗ್ ಎಂಬ ಪ್ಲೇಯರ್ ತಂತ್ರಾಂಶದಲ್ಲಿ ಕೀಲಿಯನ್ನು ಸರಿಯಾಗಿ ಮರೆಮಾಡಿರಲೂ ಇಲ್ಲ.

ಲಿನಕ್ಸ್ ಬಳಸುವವರಿಗೆ ಆಗ ಪರವಾನಗಿ ಪಡೆದ ಪ್ಲೇಯರೇ ಇರಲಿಲ್ಲ. ದುಡ್ಡು ಕೊಟ್ಟು ತಂದ ಬಿಲ್ಲೆಯನ್ನು ತಮ್ಮ ಗಣಕದಲ್ಲಿ ನೋಡುವಂತಿರಲಿಲ್ಲ. 1999ರ ಅಕ್ಟೋಬರಿನಲ್ಲಿ ನಾರ್ವೆಯ 15 ವರ್ಷದ ಯೋನ್ ಲೆಕ್ ಯೋಹಾನ್ಸೆನ್, ಅಂತರಜಾಲದಲ್ಲಷ್ಟೇ ಪರಿಚಯವಿದ್ದ ಇಬ್ಬರೊಡನೆ ಸೇರಿ ಡಿಸಿಎಸ್ಎಸ್ ಎಂಬ ಪುಟ್ಟ ತಂತ್ರಾಂಶ ಹೊರತಂದ. ಅದು ಬೀಗ ತೆಗೆದು ಚಿತ್ರವನ್ನು ಗಣಕದಲ್ಲಿ ಕಡತವಾಗಿ ಇಡುತ್ತಿತ್ತು. ಕೆಲವೇ ದಿನಗಳಲ್ಲಿ ಫ್ರಾಂಕ್ ಸ್ಟೀವನ್‌ಸನ್ ಎಂಬವರು, ಗೂಢಲಿಪಿಯ ಗಣಿತವೇ ದುರ್ಬಲ, ಕೀಲಿ ಕದಿಯದೆಯೂ ಅದನ್ನು ಬಿಡಿಸಬಹುದು ಎಂದು ತೋರಿಸಿದರು.

2000ದ ಜನವರಿಯಲ್ಲಿ ಪೊಲೀಸರು ಹುಡುಗನ ಮನೆ ಶೋಧಿಸಿ ಗಣಕಗಳನ್ನು ಒಯ್ದರು. ಅದೇ ವರ್ಷ ಅಮೆರಿಕದ ನ್ಯಾಯಾಲಯವೊಂದು ಈ ತಂತ್ರಾಂಶ ಪ್ರಕಟಿಸದಂತೆ 2600 ಎಂಬ ಪತ್ರಿಕೆಯನ್ನು ತಡೆಯಿತು. ಕೆಲವರು ಆ ಸಾಲುಗಳನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ಓಡಾಡಿದರು! ಆದರೆ ಓಸ್ಲೋದ ನ್ಯಾಯಾಲಯ 2003ರ ಜನವರಿಯಲ್ಲಿ ಯೋಹಾನ್ಸೆನ್‌ನನ್ನು ಖುಲಾಸೆ ಮಾಡಿತು. ನ್ಯಾಯವಾಗಿ ಕೊಂಡ ಬಿಲ್ಲೆಯಲ್ಲಿರುವುದನ್ನು ನೋಡುವುದು ಅತಿಕ್ರಮ ಪ್ರವೇಶವಲ್ಲ ಎಂಬುದು ತೀರ್ಪಿನ ತಿರುಳು. ಸರ್ಕಾರ ಮೇಲ್ಮನವಿ ಹೋಯಿತು. ಡಿಸೆಂಬರಿನಲ್ಲಿ ಅಲ್ಲೂ ಸೋತಿತು.

ಬೀಗ ತೆಗೆಯುವುದು ಅರ್ಧ ಕೆಲಸ. ಬಿಲ್ಲೆಯ ಎಂಪೆಗ್-2 ಚಿತ್ರ ಗಾತ್ರದಲ್ಲಿ ದೊಡ್ಡದು. ಪಕ್ಕಪಕ್ಕದ ಚೌಕಟ್ಟುಗಳಲ್ಲಿ ಬದಲಾದದ್ದನ್ನಷ್ಟೇ ಬರೆದಿಡುವ ಉಪಾಯ ಅದರಲ್ಲೂ ಉಂಟು; 2003ರಲ್ಲಿ ಬಂದ ಎಚ್.264 ಅದನ್ನು ಇನ್ನೂ ಜಾಣತನದಿಂದ ಮಾಡುತ್ತದೆ. ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶಗಳು ಈಗ ಬಳಸುವುದು ಇಂಥ ವಿಧಾನಗಳನ್ನೇ. ಹಾಡು ಮಾತ್ರ ಬೇಕೆಂದರೆ ಧ್ವನಿಯ ಎಳೆಯನ್ನು ಬಿಡಿಸಿ ಎಂಪಿ3 ಮಾಡಿದರಾಯಿತು.

ನಮ್ಮ ದೇಶದಲ್ಲಿ? ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಮಿನಂತೆ, ಬೇರೆಯವರ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಸೆರೆ, ಜೊತೆಗೆ ದಂಡ. ‘ಉದ್ದೇಶದಿಂದ’ ಎಂಬ ಮಾತನ್ನು ಗಮನಿಸಿ.

ಇನ್ನು ನಿಮ್ಮ ಅಕ್ಕನ ಮದುವೆಯ ಡಿವಿಡಿ. ಸ್ಟುಡಿಯೋದವರು ಗಣಕದಲ್ಲೇ ಬರೆದುಕೊಟ್ಟ ಅದಕ್ಕೆ ಈ ಬೀಗವಿಲ್ಲ. ಅದರ ಶತ್ರು ಬೇರೆ: ಅಂಕಿಗಳನ್ನು ಹಿಡಿದಿಟ್ಟ ಸಾವಯವ ಬಣ್ಣದ ಪದರ ಬಿಸಿಲಿಗೆ, ಸೆಖೆಗೆ ನಿಧಾನವಾಗಿ ಮಾಸುತ್ತದೆ. ಈ ರಜೆಯಲ್ಲೇ ಅದನ್ನು ಕಡತ ಮಾಡಿಡಿ.