ಖರೀದಿಯೋ, ಓಡಾಟವೋ: ಸಾರ್ವಜನಿಕ ಬಸ್ಸುಗಳ ಮೇಲಿನ ಸರ್ಕಾರಿ ವೆಚ್ಚ ಮತ್ತು ಉದ್ಯೋಗದ ಲೆಕ್ಕ

2023ರ ಆಗಸ್ಟ್ 16ರಂದು ಕೇಂದ್ರ ಸಚಿವ ಸಂಪುಟ ‘ಪಿಎಂ-ಇಬಸ್ ಸೇವಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ಲಕ್ಷ ಹಾಗೂ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಖಾಸಗಿ ಸಹಭಾಗಿತ್ವದಲ್ಲಿ 10,000 ಎಲೆಕ್ಟ್ರಿಕ್ ಬಸ್ಸುಗಳನ್ನು ಒದಗಿಸುವುದು ಯೋಜನೆಯ ಗುರಿ. ಅಂದಾಜು ವೆಚ್ಚ 57,613 ಕೋಟಿ ರೂಪಾಯಿ. ಅದರಲ್ಲಿ ಕೇಂದ್ರದ ಪಾಲು 20,000 ಕೋಟಿ. ಇದರಿಂದ 45,000ದಿಂದ 55,000 ನೇರ ಉದ್ಯೋಗಗಳು ಸೃಷ್ಟಿಯಾಗುತ್ತವೆ ಎಂದು ಅಂದಿನ ಪ್ರಕಟಣೆ ಹೇಳಿತು. ಪತ್ರಿಕೆಗಳು ಆ ಅಂಕಿಯನ್ನು ಹಾಗೆಯೇ ಅಚ್ಚು ಹಾಕಿದವು. ಈ ಲೇಖನ ಆ ಒಂದು ಅಂಕಿಯ ಪರೀಕ್ಷೆ. ಸರ್ಕಾರ ಹೊಸ ಸಾಧನ-ಸಲಕರಣೆಗಳನ್ನು ಕೊಂಡಾಗ ನಿಜಕ್ಕೂ ಹೊಸ ಕೆಲಸ ಹುಟ್ಟುತ್ತದೆಯೇ, ಹುಟ್ಟಿದರೆ ಎಲ್ಲಿ ಹುಟ್ಟುತ್ತದೆ ಎಂಬ ಹಳೆಯ ಪ್ರಶ್ನೆಗೆ ಬಸ್ಸಿಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಪ್ರಶ್ನೆಯ ಪೂರ್ವೇತಿಹಾಸ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವೇ. ಸರ್ಕಾರ ಒಂದೆಡೆ ಖರ್ಚು ಮಾಡಿದ ಹಣ ಇನ್ನೊಂದೆಡೆಯ ಖರ್ಚನ್ನು ಕಸಿಯುತ್ತದೆ, ಆದ್ದರಿಂದ ಒಟ್ಟು ಉದ್ಯೋಗ ಹೆಚ್ಚುವುದಿಲ್ಲ ಎಂಬ ವಾದವನ್ನು ರಾಲ್ಫ್ ಹಾಟ್ರಿ 1925ರಲ್ಲಿ ಮಂಡಿಸಿದ. 1931ರಲ್ಲಿ ರಿಚರ್ಡ್ ಕಾನ್ ಪ್ರಾಥಮಿಕ ಮತ್ತು ದ್ವಿತೀಯಕ ಉದ್ಯೋಗಗಳನ್ನು ಬೇರ್ಪಡಿಸಿ ಅದಕ್ಕೆ ಉತ್ತರ ಕೊಟ್ಟ. ಅದೇ ಗುಣಕ ಸಿದ್ಧಾಂತವಾಗಿ 1936ರಲ್ಲಿ ಕೇನ್ಸ್‌ನ ಗ್ರಂಥದ ನಡುಗಂಬವಾಯಿತು. ಭಾರತದ ಮಟ್ಟಿಗೆ ಇಂದು ಎಲ್ಲರೂ ಉಲ್ಲೇಖಿಸುವುದು ಸುಕನ್ಯಾ ಬೋಸ್ ಮತ್ತು ಎನ್.ಆರ್. ಭಾನುಮೂರ್ತಿ ಅವರ 2013ರ ಅಧ್ಯಯನವನ್ನು. ಅವರ ಅಂದಾಜಿನಲ್ಲಿ ಬಂಡವಾಳ ವೆಚ್ಚದ ಗುಣಕ (ಒಂದು ರೂಪಾಯಿ ಖರ್ಚಿಗೆ ಹೆಚ್ಚುವ ಉತ್ಪನ್ನ) 2.45, ವರ್ಗಾವಣೆ ವೆಚ್ಚದ್ದು 0.98, ಇತರ ರಾಜಸ್ವ ವೆಚ್ಚದ್ದು 0.99. ಕೇಂದ್ರ ಬಜೆಟ್ಟಿನ ಬಂಡವಾಳ ವೆಚ್ಚ 2022-23ರಲ್ಲಿ 7.5 ಲಕ್ಷ ಕೋಟಿಗೂ 2023-24ರಲ್ಲಿ 10 ಲಕ್ಷ ಕೋಟಿಗೂ ಏರಿದ್ದರ ಹಿಂದೆ ಇಂಥದ್ದೇ ನಂಬಿಕೆಯಿದೆ. ಈ ಗುಣಕಗಳು ಅಳೆಯುವುದು ಉತ್ಪನ್ನವನ್ನು, ಉದ್ಯೋಗವನ್ನಲ್ಲ. ಚರ್ಚೆಗಳಲ್ಲಿ ಈ ವ್ಯತ್ಯಾಸ ಪದೇ ಪದೇ ಕಳೆದುಹೋಗುತ್ತದೆ.

ಈ ಆಶಾವಾದಕ್ಕೆ ನಮ್ಮಲ್ಲೇ ಹುಟ್ಟಿದ ಗಟ್ಟಿ ಆಕ್ಷೇಪವೊಂದಿದೆ. ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನಾ ಸಂಸ್ಥೆಯನ್ನು ಕಟ್ಟಿದ ವಿ.ಕೆ.ಆರ್.ವಿ. ರಾವ್ 1952ರಲ್ಲಿ ಬರೆದ ಪ್ರಬಂಧ ಅದು. ಕೇನ್ಸ್‌ನ ಗುಣಕ ಕೆಲಸ ಮಾಡಬೇಕಾದರೆ ಚಾಲ್ತಿಯಲ್ಲಿರುವ ಕೂಲಿಗೆ ದುಡಿಯಲು ಸಿದ್ಧರಿದ್ದೂ ಕೆಲಸ ಸಿಗದ ಜನ ಬೇಕು, ಕೈಕಟ್ಟಿ ಕುಳಿತ ಯಂತ್ರಗಳು ಬೇಕು, ಬೇಡಿಕೆ ಏರಿದಾಗ ಹಿಗ್ಗಬಲ್ಲ ಪೂರೈಕೆ ಬೇಕು. ಹಿಂದುಳಿದ ಕೃಷಿಪ್ರಧಾನ ದೇಶದಲ್ಲಿ ಈ ಮೂರೂ ಇಲ್ಲ. ಇಲ್ಲಿನ ನಿರುದ್ಯೋಗ ಕುಟುಂಬದ ಹೊಲದೊಳಗೆ ಪ್ರಚ್ಛನ್ನವಾಗಿದೆ. ಹಾಗಾಗಿ ಸರ್ಕಾರದ ಹೆಚ್ಚಿನ ಖರ್ಚು ಬೆಲೆಯನ್ನು ಏರಿಸುತ್ತದೆಯೇ ಹೊರತು ಉತ್ಪನ್ನ-ಉದ್ಯೋಗಗಳನ್ನು ಅದೇ ಪ್ರಮಾಣದಲ್ಲಿ ಏರಿಸುವುದಿಲ್ಲ. ರಾವ್ ಅವರ ವಾದದ ಸಾರ ಇದು.

ಕಾರ್ಖಾನೆಯ ಮಟ್ಟಿಗೆ ರಾವ್ ಅವರ ಆಕ್ಷೇಪ ರೂಪ ಬದಲಿಸಿ ಇಂದಿಗೂ ನಿಲ್ಲುತ್ತದೆ. ಎಲೆಕ್ಟ್ರಿಕ್ ಬಸ್ಸಿನ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಬ್ಯಾಟರಿ ಪ್ಯಾಕನ್ನು ಇಲ್ಲಿ ಜೋಡಿಸಿದರೂ ಅದರೊಳಗಿನ ಲಿಥಿಯಂ ಸೆಲ್ಲುಗಳು ಬಹುಮಟ್ಟಿಗೆ ಚೀನಾದಿಂದ ಬರುತ್ತವೆ. ದೇಶದೊಳಗಿನ ಪೂರೈಕೆ ಹಿಗ್ಗದಿದ್ದಾಗ ಬೇಡಿಕೆ ಬೆಲೆಯಾಗಿ ಸೋರುತ್ತದೆ ಎಂದರು ರಾವ್. ಈಗ ಅದು ಆಮದಾಗಿ ಸೋರುತ್ತಿದೆ. ನನ್ನ ಭಿನ್ನಮತ ಇರುವುದು ಇನ್ನೊಂದು ಕಡೆ. ರಾವ್ ಆಗಲಿ, ಅವರನ್ನು ಅಲ್ಲಗಳೆಯಲು ಹೊರಟ ಬಂಡವಾಳ ವೆಚ್ಚದ ಇಂದಿನ ಸಮರ್ಥಕರಾಗಲಿ, ಉದ್ಯೋಗವನ್ನು ಹುಡುಕುವುದು ಖರೀದಿಯ ಗಳಿಗೆಯಲ್ಲಿ. ಬಸ್ಸಿನ ವಿಷಯದಲ್ಲಿ ಅದು ಹುಟ್ಟುವುದು ಅಲ್ಲಲ್ಲ.

ಮತ್ತೆ ಆ ಅಂಕಿಗೆ ಬರೋಣ. 45,000ದಿಂದ 55,000 ಉದ್ಯೋಗ, 10,000 ಬಸ್ಸು: ಬಸ್ಸೊಂದಕ್ಕೆ 4.5ರಿಂದ 5.5 ಜನ. ಸಾರಿಗೆ ಸಂಸ್ಥೆಗಳ ಆಡಳಿತ ಬಲ್ಲವರಿಗೆ ಈ ಅನುಪಾತ ಅಪರಿಚಿತವಲ್ಲ. ನಗರದಲ್ಲಿ ಒಂದು ಬಸ್ಸಿನ ದಿನವನ್ನು ನೋಡಿ. ಬೆಳಗಿನ ಪಾಳಿಗೆ ಚಾಲಕನೊಬ್ಬ, ನಿರ್ವಾಹಕನೊಬ್ಬ. ಮಧ್ಯಾಹ್ನ ಇಬ್ಬರೂ ಇಳಿದು ಎರಡನೇ ಪಾಳಿಯವರು ಹತ್ತುತ್ತಾರೆ. ಅಲ್ಲಿಗೆ ನಾಲ್ಕು ಜನ. ಬಸ್ಸು ವರ್ಷದ 365 ದಿನವೂ ಓಡುತ್ತದೆ, ಮನುಷ್ಯ ಓಡುವುದಿಲ್ಲ. ವಾರದ ರಜೆ 52 ದಿನ. ಹಬ್ಬ, ಗಳಿಕೆ ರಜೆ, ಅನಾರೋಗ್ಯ ಎಲ್ಲ ಸೇರಿ ಇನ್ನೊಂದು 33 ದಿನ ಎಂದುಕೊಂಡರೆ ಒಬ್ಬ ನೌಕರ ದುಡಿಯುವುದು 280 ದಿನ. 365ನ್ನು 280ರಿಂದ ಭಾಗಿಸಿದರೆ 1.3. ಅಂದರೆ ಒಂದು ಸ್ಥಾನವನ್ನು ವರ್ಷಪೂರ್ತಿ ತುಂಬಲು 1.3 ಜನ ಬೇಕು. ನಾಲ್ಕು ಸ್ಥಾನಗಳಿಗೆ 5.2. ಎಲ್ಲ ಬಸ್ಸುಗಳೂ ಎರಡು ಪಾಳಿ ಓಡುವುದಿಲ್ಲವಾದ್ದರಿಂದ ಸರಾಸರಿ ಒಂದಿಷ್ಟು ಇಳಿಯುತ್ತದೆ. ಘಟಕದ ಮೆಕ್ಯಾನಿಕ್, ಚಾರ್ಜಿಂಗ್ ನೋಡಿಕೊಳ್ಳುವವರು, ತೊಳೆಯುವವರು, ಕಚೇರಿ ಸಿಬ್ಬಂದಿ ಸೇರಿದಾಗ ಮತ್ತೆ ಏರುತ್ತದೆ. ಹೇಗೆ ಕೂಡಿ ಕಳೆದರೂ ಐದರ ಆಸುಪಾಸಿಗೇ ಬಂದು ನಿಲ್ಲುತ್ತೇವೆ.

ಸರ್ಕಾರ ಹೇಳಿದ ಉದ್ಯೋಗಗಳಷ್ಟೂ ಬಸ್ಸನ್ನು ಓಡಿಸುವ ಕೆಲಸದಲ್ಲೇ ಮುಗಿದುಹೋಗುತ್ತವೆ. ಕಾರ್ಖಾನೆಗೆಂದು ಮಿಗುವುದು ಏನೂ ಇಲ್ಲ. ಇದು ಅಂಕಿಗಳ ಹೊಂದಿಕೆ ಮಾತ್ರ, ಸರ್ಕಾರ ಹೀಗೆಯೇ ಲೆಕ್ಕ ಹಾಕಿತೆಂಬುದಕ್ಕೆ ಪುರಾವೆಯಲ್ಲ ಎಂಬ ಎಚ್ಚರ ಅಗತ್ಯ. ಆದರೆ ಹಣದ ಹರಿವು ಇದೇ ದಿಕ್ಕನ್ನು ತೋರುತ್ತದೆ. ಈ ಯೋಜನೆಯಲ್ಲಿ ಕೇಂದ್ರದ ನೆರವು ಬಸ್ಸಿನ ಬೆಲೆಯ ಮೇಲಲ್ಲ, ಓಡಿದ ಕಿಲೋಮೀಟರಿನ ಮೇಲೆ ಸಿಗುತ್ತದೆ: 12 ಮೀಟರ್ ಬಸ್ಸಿಗೆ ಕಿಲೋಮೀಟರಿಗೆ 24 ರೂಪಾಯಿ, 9 ಮೀಟರಿನದಕ್ಕೆ 22, 7 ಮೀಟರಿನದಕ್ಕೆ 20, ಹತ್ತು ವರ್ಷದವರೆಗೆ. ದಿನಕ್ಕೆ 200 ಕಿಲೋಮೀಟರ್ ಓಡುತ್ತದೆಂದು ಇಟ್ಟುಕೊಳ್ಳೋಣ. ಎಲ್ಲವೂ ದೊಡ್ಡ ಬಸ್ಸುಗಳಾದರೆ ಹತ್ತು ವರ್ಷಕ್ಕೆ 17,520 ಕೋಟಿ. ಎಲ್ಲವೂ ಸಣ್ಣವಾದರೆ 14,600 ಕೋಟಿ. ಕೇಂದ್ರದ 20,000 ಕೋಟಿಯಲ್ಲಿ ಮುಕ್ಕಾಲು ಭಾಗದಷ್ಟು, ಇಲ್ಲವೇ ಅದಕ್ಕೂ ಹೆಚ್ಚು, ಓಡಾಟಕ್ಕೆ ಕೊಡುವ ಹಣ. ಸಲಕರಣೆಯ ಯೋಜನೆಯೆಂದು ನಾವು ಓದಿದ್ದು ಮುಖ್ಯವಾಗಿ ಸೇವೆ ನಡೆಸುವ ಯೋಜನೆ. ಅದಕ್ಕೆ 2.45ರ ಬಂಡವಾಳ ಗುಣಕವನ್ನು ಹೊದಿಸುವುದು ತಪ್ಪು.

ಹಾಗಾದರೆ ನನ್ನ ಪ್ರಮೇಯ ಇಷ್ಟು: ಬಸ್ಸಿನ ಮೇಲಿನ ಸರ್ಕಾರಿ ವೆಚ್ಚದಿಂದ ಹುಟ್ಟುವ ಉದ್ಯೋಗದ ಬಹುಪಾಲಿಗೆ ಕಾರಣ ಬಸ್ಸಿನ ಖರೀದಿಯಲ್ಲ, ಆ ಬಸ್ಸು ಮೊದಲಿಗಿಂತ ಹೆಚ್ಚಾಗಿ ಓಡುವ ಕಿಲೋಮೀಟರು. ಈ ಮಾತಿಗೆ ಕೆಲವು ಮಿತಿಗಳನ್ನು ಕೂಡಲೇ ಹಾಕಬೇಕು. ಬಸ್ಸಿಲ್ಲದೆ ಕಿಲೋಮೀಟರಿಲ್ಲ; ಖರೀದಿ ಅನಾವಶ್ಯಕ ಎಂದು ನಾನು ಹೇಳುತ್ತಿಲ್ಲ, ಅದೊಂದೇ ಸಾಲದು ಎನ್ನುತ್ತಿದ್ದೇನೆ. ಕಾರ್ಖಾನೆಗಳು ನಿಜಕ್ಕೂ ಖಾಲಿ ಕುಳಿತಾಗ ಖರೀದಿಗೂ ಬಲವಿರುತ್ತದೆ. ಮತ್ತು ಈ ಪ್ರಮೇಯ ಸಿಬ್ಬಂದಿಯನ್ನು ಹೆಚ್ಚಾಗಿ ಬೇಡುವ ಸಲಕರಣೆಗಷ್ಟೇ ಸಲ್ಲುತ್ತದೆ. ಆಸ್ಪತ್ರೆಗೆ ಬರುವ ಸ್ಕ್ಯಾನಿಂಗ್ ಯಂತ್ರಕ್ಕೂ ತಂತ್ರಜ್ಞನ ಹುದ್ದೆ ಮಂಜೂರಾಗಬೇಕು ಎಂಬಷ್ಟರ ಮಟ್ಟಿಗೆ ಹೋಲಿಕೆಯಿದೆ. ಬೀದಿದೀಪಕ್ಕೆ ಅಷ್ಟೂ ಇಲ್ಲ.

ಎರಡನೆಯ ಮಿತಿಯನ್ನು ಪರೀಕ್ಷಿಸಲು ಇತಿಹಾಸವೇ ಒಂದು ಸಂದರ್ಭ ಒದಗಿಸಿದೆ. 2008ರ ಕೊನೆಗೆ ಜಾಗತಿಕ ಹಣಕಾಸು ಬಿಕ್ಕಟ್ಟಿನಲ್ಲಿ ವಾಣಿಜ್ಯ ವಾಹನಗಳ ಬೇಡಿಕೆ ಕುಸಿದು ತಯಾರಕರು ಕೆಲಸದ ದಿನಗಳನ್ನೇ ಕಡಿತಗೊಳಿಸಿದರು. 2009ರ ಜನವರಿಯ ಉತ್ತೇಜನ ಕ್ರಮಗಳಲ್ಲಿ ಕೇಂದ್ರ ಸರ್ಕಾರ ತನ್ನ ನಗರ ನವೀಕರಣ ಅಭಿಯಾನವಾದ ಜೆ-ನರ್ಮ್‌ನ ನಗರಗಳಿಗೆ ಬಸ್ಸು ಕೊಳ್ಳಲು ಒಂದು ಸಲದ ನೆರವು ಘೋಷಿಸಿತು. ಕರ್ನಾಟಕದಲ್ಲಿ ಬೆಂಗಳೂರು, ಮೈಸೂರು ಆ ಪಟ್ಟಿಯಲ್ಲಿದ್ದವು. ದೇಶದಲ್ಲಿ 15,000ಕ್ಕೂ ಹೆಚ್ಚು ಬಸ್ಸುಗಳಿಗೆ ಮಂಜೂರಾತಿ ಸಿಕ್ಕಿತು. ಖಾಲಿ ಕುಳಿತ ಕಾರ್ಮಿಕ, ಖಾಲಿ ಕುಳಿತ ಯಂತ್ರ, ಆಗ ಬಹುಪಾಲು ದೇಶದೊಳಗೇ ತಯಾರಾಗುತ್ತಿದ್ದ ಡೀಸೆಲ್ ಬಸ್ಸು: ರಾವ್ ಅವರು ಇಲ್ಲವೆಂದ ಸ್ಥಿತಿಗಳು ಅಂದು ಒಟ್ಟಿಗೆ ಇದ್ದವು. ಕಾರ್ಖಾನೆಯ ಕೆಲಸ ಉಳಿಸುವಲ್ಲಿ ಆ ಖರೀದಿ ನೆರವಾಗಿರಬೇಕೆಂದು ನಾನು ಒಪ್ಪುತ್ತೇನೆ. ಆದರೆ ಅದು ಆದೇಶ ಮುಗಿಯುವವರೆಗಿನ ಕೆಲಸ. ಆಮೇಲೆ ಏನಾಯಿತು? ಕೇಂದ್ರ ಕೊಟ್ಟಿದ್ದು ಕೊಳ್ಳುವ ಹಣ. ಓಡಿಸುವ ಹಣ ನಗರಗಳೇ ಹುಡುಕಿಕೊಳ್ಳಬೇಕಿತ್ತು. ಕೇರಳವೂ ಸೇರಿದಂತೆ ಹಲವೆಡೆ ಆ ಬಸ್ಸುಗಳು ಬಿಡಿಭಾಗವಿಲ್ಲದೆ ಡಿಪೊಗಳಲ್ಲಿ ನಿಂತವು. ನಿಂತ ಬಸ್ಸಿಗೆ ಚಾಲಕ ಬೇಡ, ನಿರ್ವಾಹಕ ಬೇಡ. ಸಲಕರಣೆ ಬಂದಿತ್ತು, ಅದರ ಹಿಂದೆ ಬರಬೇಕಿದ್ದ ಐದು ಜನ ಬರಲಿಲ್ಲ. 2023ರ ಯೋಜನೆ ಕಿಲೋಮೀಟರಿಗೆ ಹಣ ಕೊಡುವುದರಲ್ಲೂ, 2024ರಲ್ಲಿ ಗುತ್ತಿಗೆದಾರರಿಗೆ ಪಾವತಿ ಖಾತರಿಗೆಂದು 3,435 ಕೋಟಿ ರೂಪಾಯಿಯ ಪ್ರತ್ಯೇಕ ವ್ಯವಸ್ಥೆ ಬಂದದ್ದರಲ್ಲೂ ಈ ಪಾಠದ ಗುರುತು ಕಾಣುತ್ತದೆ.

ಇನ್ನು ‘ಮೊದಲಿಗಿಂತ ಹೆಚ್ಚಾಗಿ’ ಎಂಬ ಷರತ್ತು. ಇಡೀ ವಾದ ನಿಂತಿರುವುದು ಇದರ ಮೇಲೆ. ಹೊಸ ಬಸ್ಸು ಹಳೆಯದರ ಜಾಗಕ್ಕೆ ಬಂದರೆ ಐದು ಉದ್ಯೋಗಗಳು ಹೊಸತಲ್ಲ. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸುವಂತಿಲ್ಲ ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಾರಿಗೆ ಸಂಸ್ಥೆಗಳ ಬಸ್ಸುಗಳಿಗೂ ಇದು ಅನ್ವಯ. ಹಾಗಾಗಿ ಹಳೆಯ ಸಂಸ್ಥೆಗಳಲ್ಲಿ ಹೊಸ ಖರೀದಿಯ ಒಂದು ಪಾಲು ಗುಜರಿಗೆ ಹೋದದ್ದನ್ನು ತುಂಬುವುದಕ್ಕೇ ಸರಿ.

ಬೆಂಗಳೂರಿಗೆ ಬಂದ ಎಲೆಕ್ಟ್ರಿಕ್ ಬಸ್ಸುಗಳು ಈ ತೊಡಕನ್ನು ಚೆನ್ನಾಗಿ ತೋರುತ್ತವೆ. ಮೊದಲು ಸ್ಮಾರ್ಟ್ ಸಿಟಿ ಯೋಜನೆಯ 90, ಕೇಂದ್ರದ ಎಲೆಕ್ಟ್ರಿಕ್ ವಾಹನ ಪ್ರೋತ್ಸಾಹ ಯೋಜನೆಯಾದ ಫೇಮ್-2ರಲ್ಲಿ 300, ಬಳಿಕ ಐದು ನಗರಗಳಿಗೆ ಒಟ್ಟಾಗಿ ಕರೆದ 5,450 ಬಸ್ಸುಗಳ ಟೆಂಡರಿನಲ್ಲಿ 921. ಇವೆಲ್ಲ ಗುತ್ತಿಗೆ ಪದ್ಧತಿಯವು: ಬಸ್ಸು, ಚಾಲಕ, ನಿರ್ವಹಣೆ ಗುತ್ತಿಗೆದಾರ ಕಂಪನಿಯದು, ನಿರ್ವಾಹಕ ನಗರದ ಸಾರಿಗೆ ನಿಗಮವಾದ ಬಿಎಂಟಿಸಿಯವನು. ಎರಡು ಪಾಳಿಯ ನೂರು ಡೀಸೆಲ್ ಬಸ್ಸುಗಳ ಬದಲಿಗೆ ಇಂಥ ನೂರು ಬಸ್ಸು ಬಂದವು ಎಂದು ಊಹಿಸಿಕೊಳ್ಳೋಣ. ನಿರ್ವಾಹಕ ಹಳೆಯ ಬಸ್ಸಿಂದ ಇಳಿದು ಹೊಸದನ್ನು ಹತ್ತುತ್ತಾನೆ, ಅಲ್ಲಿ ವ್ಯತ್ಯಾಸವಿಲ್ಲ. ನಿಗಮದ 260 ಚಾಲಕರ ಕೆಲಸ ಬೇರೆ ಮಾರ್ಗಗಳಿಗೆ ಹಂಚಿಹೋಗುತ್ತದೆ, ನಿವೃತ್ತರಾದವರ ಜಾಗ ತುಂಬುವುದಿಲ್ಲ. ಕಂಪನಿ ಹೊಸ ಚಾಲಕರನ್ನು ತೆಗೆದುಕೊಳ್ಳುತ್ತದೆ. ಆದರೆ ಎಷ್ಟು ಜನ? ವಾರದ ರಜೆಯ ಹೊರತು ಬೇರೆ ರಜೆ ಇಲ್ಲದಿದ್ದರೆ ಒಬ್ಬ ಚಾಲಕ 313 ದಿನ ದುಡಿಯುತ್ತಾನೆ, 233 ಜನ ಸಾಕಾಗುತ್ತಾರೆ. ಎಂಜಿನ್, ಗೇರ್‌ಬಾಕ್ಸ್ ಕೆಲಸವಿಲ್ಲದ್ದರಿಂದ ಮೆಕ್ಯಾನಿಕ್‌ಗಳೂ ಕಡಿಮೆ ಸಾಕು. ಪತ್ರಿಕಾ ಪ್ರಕಟಣೆಯಲ್ಲಿ ಐನೂರು ಉದ್ಯೋಗ ಎಂದು ಬರಬಹುದಾದ ಕಡೆ ನಿವ್ವಳ ಲೆಕ್ಕ ಸೊನ್ನೆಗೂ ಕೆಳಗೆ ಇಳಿಯಬಲ್ಲದು. ಕಡಿಮೆಯಾದ ಆ 27 ಹುದ್ದೆಗಳು ಕಂಪನಿಯ ಚಾಲಕರು ಬಿಟ್ಟುಕೊಟ್ಟ ರಜೆಯಲ್ಲಿ ಅಡಗಿವೆ. ಉದ್ಯೋಗವನ್ನು ತಲೆ ಎಣಿಸಿ ಅಳೆಯುವವರು ಇದನ್ನು ಗಮನಿಸದೆ ಇರುವುದು ನನಗೆ ನಿಜಕ್ಕೂ ನೋವಿನ ಸಂಗತಿ, ಏಕೆಂದರೆ ನಗರದ ದಟ್ಟಣೆಯಲ್ಲಿ ದಿನವಿಡೀ ಸ್ಟೀರಿಂಗ್ ಹಿಡಿಯುವವನ ವಿಶ್ರಾಂತಿ ಪ್ರಯಾಣಿಕರ ಸುರಕ್ಷತೆಯ ಪ್ರಶ್ನೆಯೂ ಹೌದು.

ಸಂಘಟಿತ ಬಸ್ ಸೇವೆಯೇ ಇಲ್ಲದ ನಗರಗಳಿಗೆ ಆದ್ಯತೆ ಎಂದು ಪಿಎಂ-ಇಬಸ್ ಸೇವಾ ಹೇಳಿರುವುದು ಈ ದೃಷ್ಟಿಯಿಂದ ಸರಿಯಾದ ನಿರ್ಧಾರ. ಅಲ್ಲಿ ಕಿಲೋಮೀಟರುಗಳು ನಿಜಕ್ಕೂ ಹೆಚ್ಚುವರಿ. ಅಷ್ಟಾದರೂ ಪೂರ್ತಿ ಹೆಚ್ಚುವರಿಯಲ್ಲ: ಬಸ್ಸಿಲ್ಲದ ಊರಿನಲ್ಲಿ ಜನ ಮನೆಯಲ್ಲಿ ಕೂತಿರುವುದಿಲ್ಲ, ಷೇರ್ ಆಟೊ, ಟೆಂಪೊ ಹತ್ತುತ್ತಾರೆ. ನಗರ ಸಾರಿಗೆ ಬಹುತೇಕ ಖಾಸಗಿ ಬಸ್ಸುಗಳ ಕೈಯಲ್ಲಿರುವ ಮಂಗಳೂರಿನಂಥ ಕಡೆ ಹೊಸ ಸರ್ಕಾರಿ ಬಸ್ಸಿನ ಪ್ರಯಾಣಿಕರಲ್ಲಿ ಎಷ್ಟು ಜನ ಖಾಸಗಿ ಬಸ್ಸಿನಿಂದ ಇಳಿದವರು ಎಂದು ಕೇಳಲೇಬೇಕು.

ರಾವ್ ಅವರ ಪ್ರಶ್ನೆ ಇನ್ನೊಂದು ರೂಪದಲ್ಲಿ ಇಲ್ಲಿ ಮರಳಿ ಬರುತ್ತದೆ. ಹೊಸ ಬಸ್ಸಿಗೆ ಬಂದ ಚಾಲಕ ಎಲ್ಲಿಂದ ಬಂದ? ಭಾರಿ ವಾಹನದ ಪರವಾನಗಿ ಇರುವವನು ಸಾಮಾನ್ಯವಾಗಿ ಲಾರಿಯನ್ನೋ ಶಾಲಾ ವಾಹನವನ್ನೋ ಬಿಟ್ಟು ಬಂದಿರುತ್ತಾನೆ. ಅವನ ಲಾರಿಗೆ ಕ್ಲೀನರ್ ಒಬ್ಬ ಪರವಾನಗಿ ಮಾಡಿಸಿಕೊಂಡು ಬಂದರೆ, ಕ್ಲೀನರ್ ಜಾಗಕ್ಕೆ ಹಳ್ಳಿಯಲ್ಲಿ ಅರೆಗೆಲಸದಲ್ಲಿದ್ದ ಹುಡುಗನೊಬ್ಬ ಬಂದರೆ, ತೆರವುಗಳ ಈ ಸರಪಳಿಯ ಕೊನೆಯಲ್ಲಿ ನಿಜವಾಗಿ ಒಂದು ಉದ್ಯೋಗ ಹುಟ್ಟಿದೆ. ಪ್ರಚ್ಛನ್ನ ನಿರುದ್ಯೋಗಿ ಸಂಬಳದ ಕೆಲಸಕ್ಕೆ ಸುಲಭವಾಗಿ ಬರುವುದಿಲ್ಲ ಎಂಬ 1952ರ ತೀರ್ಮಾನವನ್ನು ಇಂದಿನ ಕರ್ನಾಟಕಕ್ಕೆ ಹಾಗೆಯೇ ಅನ್ವಯಿಸಲಾಗದು. ಹೊಲ ಬಿಟ್ಟು ಬರುವ ಯುವಕರಿಗೆ ಸ್ಟೀರಿಂಗ್ ಮೊದಲ ಬಾಗಿಲುಗಳಲ್ಲಿ ಒಂದು. ಆದರೆ ಲಾರಿ ಮಾಲೀಕರು ಚಾಲಕರೇ ಸಿಗುತ್ತಿಲ್ಲವೆಂದು ದೂರುವ ಕಾಲವೂ ಇದೇ. ಸರಪಳಿ ಖಾಲಿ ಲಾರಿಯ ಬಳಿ ತುಂಡಾದರೆ ರಾವ್ ಅವರೇ ಸರಿ.

ಸರಪಳಿ ಎಲ್ಲಿ ಕೊನೆಯಾಗುತ್ತದೆ ಎಂಬುದು ಕ್ಷೇತ್ರಕಾರ್ಯದಿಂದ ತೀರ್ಮಾನವಾಗಬೇಕಾದ ವಿಷಯ. ಬಸ್ಸಿನಲ್ಲಿ ಕೆಲಸ ಮಾಡುವವರನ್ನು ಮಾತ್ರ ನಾನು ಇಲ್ಲಿ ಎಣಿಸಿದ್ದೇನೆ. ಬಸ್ಸು ಹತ್ತಿ ಕೆಲಸಕ್ಕೆ ಹೋಗುವವರನ್ನಲ್ಲ. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಗಾರ್ಮೆಂಟ್ಸ್‌ಗೂ ಮನೆಗೆಲಸಕ್ಕೂ ದೂರದಿಂದ ಬರಲು ಸಾಧ್ಯವಾದ ಹೆಣ್ಣುಮಕ್ಕಳ ದುಡಿಮೆ, ಬಸ್ಸೊಂದರ ಐದು ಹುದ್ದೆಗಳಿಗಿಂತ ದೊಡ್ಡ ಸಂಖ್ಯೆಯಾಗಿರಬಹುದು. ಅದನ್ನು ಖರೀದಿಯ ಖಾತೆಗೆ ಬರೆಯಬೇಕೋ, ಉಚಿತ ಟಿಕೆಟ್ಟಿನ ಖಾತೆಗೋ, ಹೆಚ್ಚಿದ ಟ್ರಿಪ್ಪುಗಳ ಖಾತೆಗೋ ಎಂಬುದು ಇತ್ಯರ್ಥವಾಗಿಲ್ಲ. ಸಾರಿಗೆ ನಿಗಮಗಳು ಬಸ್ಸುಗಳ ಸಂಖ್ಯೆಯ ಜೊತೆಗೆ ಯಾವ ಶೆಡ್ಯೂಲು ಹೊಸದು, ಯಾವುದು ಬದಲಿ ಎಂದು ಬೇರ್ಪಡಿಸಿ ಪ್ರಕಟಿಸಿದರೆ, ಗುತ್ತಿಗೆ ಚಾಲಕರ ಹಾಜರಿ ಮತ್ತು ರಜೆಯ ಲೆಕ್ಕವನ್ನೂ ಅದಕ್ಕೆ ಸೇರಿಸಿದರೆ, ಇಲ್ಲಿ ಊಹೆಯ ನೂರು ಬಸ್ಸುಗಳ ಮೇಲೆ ಮಾಡಿದ ಲೆಕ್ಕವನ್ನು ಬೆಂಗಳೂರಿನ ಆ ಮೂರು ಕಂತುಗಳ ನಿಜವಾದ 1,311 ಬಸ್ಸುಗಳ ಮೇಲೆ ಮಾಡಿ ನೋಡಬಹುದು.