ತೆಂಗಿನ ಸೀಮೆಯಲ್ಲಿ ಆಪ್ತಸಮಾಲೋಚನೆಯ ಕಲಿಕೆ: ಒಂದು ಚಾರಿತ್ರಿಕ ವಿವೇಚನೆ

ನೊಂದವರಿಗೆ ಒದಗುವುದು ಹುಟ್ಟುಗುಣವೇ ಹೊರತು ಕಲಿತು ಬರುವ ವಿದ್ಯೆಯಲ್ಲವೆಂಬ ಭಾವನೆ ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಕರ್ನಾಟಕದಲ್ಲಿ ಕಳೆದ ಅರ್ಧ ಶತಮಾನದಲ್ಲಿ ನಡೆದ ಪ್ರಯೋಗಗಳು ಈ ಭಾವನೆಯನ್ನು ತಿದ್ದಿವೆ. ಆ ಪ್ರಯೋಗಗಳ ಪೈಕಿ ಒಂದಕ್ಕೆ ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕು ಕ್ಷೇತ್ರವಾಯಿತು. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯನ್ನು ದೃಷ್ಟಿಯಲ್ಲಿಟ್ಟುಕೊಂಡು, ಈ ವಿದ್ಯೆಯು ವೈದ್ಯರ ಕೈಯಿಂದ ಸಾಮಾನ್ಯರ ಕೈಗೆ ಬಂದ ಬಗೆಯನ್ನು ಇಲ್ಲಿ ವಿಚಾರಿಸುವೆವು.

ಮೊದಲಿಗೆ ಹೆಸರಿನ ವಿಚಾರ. ‘ಕೌನ್ಸೆಲಿಂಗ್’ ಎಂಬುದಕ್ಕೆ ಕನ್ನಡದಲ್ಲಿ ‘ಆಪ್ತಸಲಹೆ’ ಎಂದೂ ‘ಆಪ್ತಸಮಾಲೋಚನೆ’ ಎಂದೂ ಎರಡು ಮಾತುಗಳು ಬಳಕೆಯಲ್ಲಿವೆ. ಮೊದಲನೆಯದರಲ್ಲಿ ಹೇಳುವವನಿಗೆ ಪ್ರಾಧಾನ್ಯ. ಎರಡನೆಯದರಲ್ಲಿ ಇಬ್ಬರೂ ಕೂಡಿ ಆಲೋಚಿಸುವುದಕ್ಕೆ ಪ್ರಾಧಾನ್ಯ. ಅಮೆರಿಕದ ಕಾರ್ಲ್ ರೋಜರ್ಸ್ ೧೯೪೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ದಾರಿ ತೋರಿಸುವುದಕ್ಕಿಂತ ನೊಂದವನು ತನ್ನ ದಾರಿಯನ್ನು ತಾನೇ ಕಾಣುವಂತೆ ಆಲಿಸುವುದೇ ಮುಖ್ಯವೆಂದು ಪ್ರತಿಪಾದಿಸಿದನು. ೧೯೫೩ರಲ್ಲಿ ಲಂಡನ್ನಿನಲ್ಲಿ ಚಾಡ್ ವಾರಾ ಎಂಬ ಪಾದ್ರಿ ಆತ್ಮಹತ್ಯೆಯ ಅಂಚಿನಲ್ಲಿರುವವರಿಗಾಗಿ ‘ಸಮಾರಿಟನ್ಸ್’ ಸಂಸ್ಥೆಯನ್ನು ಆರಂಭಿಸಿದಾಗ, ವೈದ್ಯರಲ್ಲದ ಸ್ವಯಂಸೇವಕರೇ ಈ ಕೆಲಸಕ್ಕೆ ಸಾಲುವರೆಂಬುದು ಕಂಡುಬಂದಿತು. ನಮ್ಮಲ್ಲಿಯೂ ‘ಸಲಹೆ’ಯಿಂದ ‘ಸಮಾಲೋಚನೆ’ಗೆ ಸಾಗಿದ ದಾರಿಯೇ ಈ ವಿದ್ಯೆಯ ಇತಿಹಾಸವೆನ್ನಬಹುದು.

ಬೆಂಗಳೂರಿನ ಸರ್ಕಾರಿ ಮಾನಸಿಕ ಆಸ್ಪತ್ರೆಯ ಜೊತೆಯಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು. ೧೯೭೪ರಲ್ಲಿ ಇವೆರಡೂ ಒಂದಾಗಿ ನಿಮ್ಹಾನ್ಸ್ ಸಂಸ್ಥೆಯಾದವು. ಮನೋವೈದ್ಯರ ಸಂಖ್ಯೆ ಅತ್ಯಲ್ಪ, ಹಳ್ಳಿಗಳಾದರೋ ಸಹಸ್ರಾರು. ಆದುದರಿಂದ ತಜ್ಞರ ವಿದ್ಯೆಯಲ್ಲಿ ಯಾವ ಭಾಗವನ್ನು ಇತರರಿಗೆ ಕಲಿಸಬಹುದೆಂಬ ಪ್ರಶ್ನೆ ಎದ್ದಿತು. ೧೯೭೫ರಲ್ಲಿ ಅಲ್ಲಿ ಸಮುದಾಯ ಮಾನಸಿಕ ಆರೋಗ್ಯದ ವಿಭಾಗವು ಆರಂಭವಾಯಿತು. ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವೊಂದು ತಲೆಯೆತ್ತಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಎರಡು ವಾರ, ಆರೋಗ್ಯ ಕಾರ್ಯಕರ್ತರಿಗೆ ಒಂದು ವಾರ ತರಬೇತಿ ಎಂಬ ಕ್ರಮವು ಅಲ್ಲಿ ರೂಪುಗೊಂಡಿತು. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಅಂಗೀಕೃತವಾದ ಮೇಲೆ, ೧೯೮೫ರಿಂದ ೧೯೯೦ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಈ ಕ್ರಮವನ್ನು ಇಡೀ ಜಿಲ್ಲೆಗೆ ಅನ್ವಯಿಸಿ ನೋಡಲಾಯಿತು. ೧೯೯೬ರಲ್ಲಿ ದೇಶದ ಇತರೆಡೆ ಜಿಲ್ಲಾ ಕಾರ್ಯಕ್ರಮಗಳು ಆರಂಭವಾದಾಗ ಬಳ್ಳಾರಿಯೇ ಮಾದರಿಯಾಯಿತು.

ಈ ಘಟ್ಟದಲ್ಲಿ ಕಲಿಸಿದ್ದು ಬಹುಮಟ್ಟಿಗೆ ರೋಗವನ್ನು ಗುರುತಿಸುವುದು, ಔಷಧ ತಪ್ಪದಂತೆ ನೋಡಿಕೊಳ್ಳುವುದು, ಮನೆಯವರಿಗೆ ತಿಳಿಯ ಹೇಳುವುದು. ರೋಗಿಯಲ್ಲದವನ ಸಂಕಟವನ್ನು ಆಲಿಸುವ ಕಲೆ ಇದರಲ್ಲಿ ಹಿಂದೆ ಉಳಿಯಿತು. ಆ ಕೊರತೆಯನ್ನು ತುಂಬುವಲ್ಲಿ ನಿಮ್ಹಾನ್ಸಿನ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪಾತ್ರ ದೊಡ್ಡದು. ಅವರು ಕನ್ನಡದಲ್ಲಿ ಹಲವಾರು ಪುಸ್ತಕಗಳನ್ನು ಬರೆದರು. ಗೃಹಿಣಿಯರು, ಉಪಾಧ್ಯಾಯರು ಮೊದಲಾದವರಿಗೆ ಈ ವಿದ್ಯೆಯನ್ನು ಕಲಿಸಿದರು. ೨೦೨೪ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಕನ್ನಡದಲ್ಲಿ ಕಲಿಸಿದುದು ಕೇವಲ ಅನುಕೂಲದ ಮಾತಲ್ಲವೆಂಬುದನ್ನು ಗಮನಿಸಬೇಕು. ‘ಎದೆ ಭಾರ’, ‘ತಲೆ ಬಿಸಿ’, ‘ಯಾವುದೂ ಬೇಡ ಅನ್ನಿಸುತ್ತದೆ’ ಎಂಬ ಮಾತುಗಳಲ್ಲಿಯೇ ನಮ್ಮ ಜನರು ಖಿನ್ನತೆಯನ್ನು ಹೇಳಿಕೊಳ್ಳುವರು. ಈ ಮಾತುಗಳನ್ನು ಕೇಳಲು ಬಲ್ಲವನೇ ಆಪ್ತಸಮಾಲೋಚಕನು.

ತುರುವೇಕೆರೆಯ ಪ್ರಯೋಗವು ಈ ಎರಡು ಧಾರೆಗಳು ಸಮೀಪಿಸಿದ ಸ್ಥಳ. ಈ ಶತಮಾನದ ಆರಂಭದ ದಶಕಗಳಲ್ಲಿ ನಿಮ್ಹಾನ್ಸಿನ ಮನೋವೈದ್ಯರು ತೀರ್ಥಹಳ್ಳಿಯಲ್ಲಿಯೂ ಬಳಿಕ ತುರುವೇಕೆರೆಯಲ್ಲಿಯೂ ತೀವ್ರ ಮಾನಸಿಕ ರೋಗಗಳಿಂದ ಬಳಲುವವರನ್ನು ಅವರ ತಾಲ್ಲೂಕಿನಲ್ಲಿಯೇ ಗುರುತಿಸಿ, ಅಲ್ಲಿಯೇ ಚಿಕಿತ್ಸೆ ಕೊಟ್ಟು, ಅವರ ಮುಂದಿನ ಸ್ಥಿತಿಯನ್ನು ವರ್ಷಗಟ್ಟಲೆ ಗಮನಿಸಿದರು. ರೋಗಿಯ ಕುಟುಂಬಕ್ಕೆ ತಿಳಿವಳಿಕೆ ಕೊಡುವುದೂ ಬಿಡದೆ ಸಂಪರ್ಕವಿಟ್ಟುಕೊಳ್ಳುವುದೂ ಔಷಧದಷ್ಟೇ ಮುಖ್ಯವಾದ ಅಂಗಗಳಾಗಿದ್ದುವು.

ಈ ಸೀಮೆಯ ಸಂಕಟಕ್ಕೆ ತನ್ನದೇ ಆದ ರೂಪವುಂಟು. ತೆಂಗು ನೆಟ್ಟ ಆರೇಳು ವರ್ಷಗಳ ಮೇಲೆ ಫಲಕ್ಕೆ ಬಂದು ಎರಡು ತಲೆಮಾರು ಅನ್ನ ಕೊಡುವ ಮರ. ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ, ಕೊಬ್ಬರಿ ಮಾಡಿ, ತಿಪಟೂರಿನ ಮಾರುಕಟ್ಟೆಯ ಧಾರಣೆಗಾಗಿ ಕಾಯುವುದು ಇಲ್ಲಿನ ಒಕ್ಕಲಿನ ಬಾಳುವೆ. ೧೯೯೮ರ ಅನಂತರ ನುಸಿಪೀಡೆ ಹಬ್ಬಿತು. ೨೦೧೨ರಿಂದ ೨೦೧೬ರವರೆಗಿನ ಬರಗಾಲಗಳಲ್ಲಿ ಕೊಳವೆಬಾವಿಗಳು ಬತ್ತಿ, ಮರಗಳು ಸಾಲುಸಾಲಾಗಿ ಒಣಗಿದುವು. ತಂದೆ ನೆಟ್ಟ ಮರ ಮಗನ ಕಣ್ಣೆದುರಿಗೆ ಸುಳಿ ಬೀಳುವಾಗ ಹೋಗುವುದು ಒಂದು ವರ್ಷದ ಬೆಳೆ ಮಾತ್ರವಲ್ಲ.

ಇಂತಹವನ ಮುಂದೆ ಕುಳಿತವರು ಏನು ಮಾಡಬೇಕು? ‘ಎಲ್ಲರ ಮನೆಯ ದೋಸೆಯೂ ತೂತೇ’ ಎಂದು ಸಮಾಧಾನ ಹೇಳುವುದು ನಮ್ಮ ರೂಢಿ. ತರಬೇತಿಯ ಮೊದಲ ಪಾಠವು ಈ ರೂಢಿಯನ್ನು ಬಿಡಿಸುವುದೇ ಆಗಿದೆ. ಏಕೆಂದರೆ ಆ ಗಾದೆ ಕಿವಿಗೆ ಬಿದ್ದೊಡನೆ ಹೇಳುವವನ ಮಾತು ನಿಂತುಹೋಗುತ್ತದೆ. ನಡುವೆ ಬಾಯಿ ಹಾಕದೆ ಕೇಳುವುದು. ಹೌದು, ಅಲ್ಲ ಎಂದು ಮುಗಿದುಹೋಗದಂತಹ ಪ್ರಶ್ನೆಗಳನ್ನು ಕೇಳುವುದು. ಕೇಳಿದುದನ್ನು ಅವನ ಮಾತಿನಲ್ಲಿಯೇ ಹಿಂದಿರುಗಿ ಹೇಳಿ, ಸರಿಯಾಗಿ ಗ್ರಹಿಸಿದೆವೋ ಇಲ್ಲವೋ ಎಂದು ವಿಚಾರಿಸುವುದು. ತಪ್ಪು ಯಾರದೆಂದು ತೀರ್ಪು ಕೊಡದಿರುವುದು. ಸಾಯುವ ಯೋಚನೆ ಬಂದಿದೆಯೆ ಎಂದು ನೇರವಾಗಿ ಕೇಳುವುದೂ ಇದರಲ್ಲಿ ಸೇರಿದೆ. ಕೇಳಿದರೆ ಆ ಯೋಚನೆಯನ್ನು ನಾವೇ ಹುಟ್ಟಿಸಿದಂತಾದೀತೆಂಬ ಭಯಕ್ಕೆ ಆಧಾರವಿಲ್ಲ; ಕೇಳಿದಾಗ ನೊಂದವನಿಗೆ ಹೊರೆ ಇಳಿದಂತಾಗುವುದೇ ಹೆಚ್ಚು. ತನ್ನ ಕೈಮೀರಿದುದನ್ನು ಗುರುತಿಸಿ ವೈದ್ಯರಲ್ಲಿಗೆ ಕರೆದೊಯ್ಯುವುದು ಕೊನೆಯ ಪಾಠ.

ಹಳ್ಳಿಯಲ್ಲಿ ಎಲ್ಲಕ್ಕಿಂತ ಕಷ್ಟವಾದುದು ಗುಟ್ಟು ಕಾಯುವುದು. ೨೦೦೫ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಆಶಾ ಕಾರ್ಯಕರ್ತೆಯು ಸಾಮಾನ್ಯವಾಗಿ ಅದೇ ಊರಿನ ಸೊಸೆ. ಅವಳಿಗೆ ಎಲ್ಲ ಮನೆಗಳ ಬಾಗಿಲೂ ತೆರೆದಿರುತ್ತದೆ. ಆ ಕಾರಣದಿಂದಲೇ ಜನರು ಅವಳಲ್ಲಿ ಮಾತಾಡಲು ಅಂಜುವುದೂ ಉಂಟು. ಜಿಂಬಾಬ್ವೆಯ ಹರಾರೆಯಲ್ಲಿ ೨೦೦೬ರಲ್ಲಿ ತರಬೇತಿ ಪಡೆದ ಅಜ್ಜಿಯರು ಚಿಕಿತ್ಸಾಲಯದ ಹೊರಗಿನ ಬೆಂಚಿನ ಮೇಲೆ ನೊಂದವರ ಮಾತನ್ನು ಆಲಿಸತೊಡಗಿದರು. ಅದರಿಂದ ಖಿನ್ನತೆ ಇಳಿಯುವುದೆಂದು ೨೦೧೬ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು. ನಮ್ಮ ಅರಳಿಕಟ್ಟೆಯು ಆ ಬೆಂಚಿನಂತಾಗಬೇಕಾದರೆ, ಅಲ್ಲಿ ಆಡಿದುದು ಅಲ್ಲಿಯೇ ಉಳಿಯುವುದೆಂಬ ನಂಬಿಕೆ ಮೊದಲು ಬರಬೇಕು.

ಒಂದು ಎಚ್ಚರಿಕೆಯ ಮಾತನ್ನು ಸೇರಿಸಬೇಕಾಗಿದೆ. ರೈತರ ಆತ್ಮಹತ್ಯೆಯ ಬಗ್ಗೆ ಡಾ. ಜಿ. ಕೆ. ವೀರೇಶ್ ಸಮಿತಿಯು ೨೦೦೨ರಲ್ಲಿ ಕೊಟ್ಟ ವರದಿಯು ಕುಡಿತ, ಸಂಸಾರದ ಕಲಹ ಮೊದಲಾದುವಕ್ಕೆ ಒತ್ತುಕೊಟ್ಟು ಸಾಲದ ಪಾತ್ರವನ್ನು ಕಡಿಮೆ ಮಾಡಿತೆಂಬ ಟೀಕೆಗೆ ಗುರಿಯಾಯಿತು. ಈ ವಾದದಿಂದ ಕಲಿಯಬೇಕಾದುದುಂಟು. ಕೊಬ್ಬರಿಯ ಧಾರಣೆ ಕುಸಿದುದಕ್ಕೆ ಆಲಿಸುವುದು ಪರಿಹಾರವಲ್ಲ. ಧಾರಣೆ ಏರುವವರೆಗೆ ಮನುಷ್ಯನು ಉಳಿದಿರಬೇಕೆಂಬುದಕ್ಕಾಗಿ ಅದು ಅವಶ್ಯಕ. ಆತ್ಮಹತ್ಯೆಗೆ ಯತ್ನಿಸಿದವನನ್ನು ಅಪರಾಧಿಯೆಂದಲ್ಲದೆ ತೀವ್ರ ಒತ್ತಡಕ್ಕೆ ಸಿಲುಕಿದವನೆಂದು ಭಾವಿಸಬೇಕೆಂದು ೨೦೧೭ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ವಿಧಿಸಿದೆ. ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯು ೧೪೪೧೬ ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ದೊರೆಯುತ್ತದೆ.

ಸಕಲವಾರದಿಂದ ತುರುವೇಕೆರೆಯವರೆಗಿನ ಈ ಚರಿತ್ರೆಯಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಆಲಿಸುವ ವಿದ್ಯೆಯ ಮೂಲಪಾಠವನ್ನು ಕೆಲವು ದಿನಗಳಲ್ಲಿ ಯಾರಿಗಾದರೂ ಕಲಿಸಬಹುದು. ಆದರೆ ಕಲಿತವರ ಬೆನ್ನಹಿಂದೆ ತಿದ್ದುವವರೂ ಧೈರ್ಯ ಹೇಳುವವರೂ ನಿರಂತರವಾಗಿ ಇರಬೇಕು. ತೆಂಗಿನ ಸಸಿಯನ್ನು ನೆಟ್ಟವರು ಆರೇಳು ವರ್ಷ ನೀರೆರೆಯುವುದನ್ನು ಬಲ್ಲ ಈ ನಾಡಿಗೆ ಇದು ಹೊಸ ನೀತಿಯಲ್ಲ.